ಮಾಳಿಗಿ ಮ್ಯಾಲಿನ ಪಾರ್ಟಿಗೆ ಬಿಸ್ಕತ್ತು, ಖಡಕ್ ರೊಟ್ಟಿ, ಊರ ಹಾಲಿನ ಚೀಸ್: ಮೆತ್ತಗಾಗದಂಗ ಮಾಡೋದು ಹ್ಯಾಂಗ?

ಮಾಳಿಗಿಮನಿ, ಕಲಬುರಗಿ

ಮೇ ಎರಡನೇ ವಾರದಾಗ ಸಂಜಿ 7ಕ್ಕ ಮನಿ ಮಾಳಿಗಿ ಮ್ಯಾಲ 30 ಮಂದಿಗೆ ಸಣ್ಣ ಪಾರ್ಟಿ ಅದ. ಊಟ 8:30ಕ್ಕ. ಅಲ್ಲೀತನಕ ಕೈಯಾಗ ಹಿಡಕೊಂಡು ತಿನ್ನೋ ತಿನಿಸು ಬೇಕು. ಕರಿಯೋದು ಬ್ಯಾಡ, ಮಂದಿ ಬಂದ ಮ್ಯಾಲ ಒಲಿ ಮುಂದ ನಿಂದರೋದೂ ಬ್ಯಾಡ. ಉಪ್ಪಿನ ಬಿಸ್ಕತ್ತಿನ ಮ್ಯಾಲ ಚೀಸ್ ಇಟ್ಟು ಕೊಡೋ ವಿಚಾರ. ಆದ್ರ ಅಂಗಡಿ ಚೀಸ್ ಕ್ಯೂಬ್ ಅಲ್ಲ, ಇಲ್ಲಿ ಹಾಲಿಂದ ಮಾಡಿದ್ದು ಬೇಕು. ಎಲ್ಲಾ ಸಸ್ಯಾಹಾರಿ ಮಂದಿ.

ಕೇಳೋದು ಇಷ್ಟು: ಯಾವ ಹಾಲು, ಎಷ್ಟು, ಎಂಥ ಚೀಸ್? ಬಿಸ್ಕತ್ತಿನ ಬದಲಿ ಖಡಕ್ ರೊಟ್ಟಿ ನಡೀತದೇನು? ಈ ಬಿಸಲಾಗ ಎಷ್ಟು ಮುಂಚೆ ಜೋಡಿಸಿ ಇಡಬಹುದು? ಎಮ್ಮಿ ಹಾಲು ಸಿಗ್ತದ, ದೇವಣಿ ಆಕಳ ಹಾಲೂ ಸಿಗ್ತದ, ಪ್ಯಾಕೆಟ್ ಅಂತೂ ಇದ್ದೇ ಅದ.

ಖಡಕ್, ಬೀದರ

ಮೊದಲ ಲೆಕ್ಕ ಹಾಕ್ರಿ. ಊಟದ ಮುಂದ ಒಂದೂವರಿ ತಾಸು ಅಂದ್ರ ಒಬ್ಬರಿಗೆ 4ರಿಂದ 5 ತುಣುಕು. 30 ಮಂದಿಗೆ 150. ಮೂರೇ ನಮೂನಿ ಮಾಡ್ರಿ, ಒಂದೊಂದು 50. ಐದಾರು ನಮೂನಿ ಅಂತ ಹೊಂಟ್ರ ಜೋಡಸೋದರಾಗೇ ರಾತ್ರಿ ಆಗ್ತದ. ತುಣುಕಿಗೆ 8 ಗ್ರಾಂ ಚೀಸ್ ಹಿಡೀರಿ. ಒಂದು ನಮೂನಿಗೆ 400 ಗ್ರಾಂ.

ಖಡಕ್ ರೊಟ್ಟಿ ನಡೀತದ, ಭಾಳ ಛಲೋ ನಡೀತದ. ಬಿಸ್ಕತ್ತಿಗಿಂತ ಗಟ್ಟಿ, ಎಣ್ಣಿ ಇಲ್ಲ, ಉಪ್ಪು ಕಡಿಮಿ, ಹಂಗಾಗಿ ಚೀಸಿನ ರುಚಿ ಮ್ಯಾಲ ಬರ್ತದ. ಆದ್ರ ಅಂಗಡಿ ರೊಟ್ಟಿ ತಂದು ಚಾಕುಲೆ ಚೌಕ ಕೊಯ್ತೀನಿ ಅನ್ನಬ್ಯಾಡ್ರಿ. ಒಣಗಿದ ರೊಟ್ಟಿ ತನಗ ಬೇಕಾದಲ್ಲಿ ಸೀಳತದ, ನಿಮಗ ಬೇಕಾದಲ್ಲಿ ಅಲ್ಲ. ಕೊಯ್ಯೋ ಕೆಲಸ ಹಸಿ ಇದ್ದಾಗೇ ಮುಗೀಬೇಕು.

50 ಸಣ್ಣ ದುಂಡು ಬಿಲ್ಲಿಗೆ ಜೋಳದ ಹಿಟ್ಟು 150 ಗ್ರಾಂ, ನೀರು 150ರಿಂದ 160 ಮಿಲಿ, ಉಪ್ಪು 2 ಗ್ರಾಂ, ಬಿಳಿ ಎಳ್ಳು ಒಂದು ಚಮಚ. ಮಾಲದಂಡಿ ಜೋಳ ಆದ್ರ ಭೇಷ್. ಹಿಟ್ಟು ಬೀಸಿಸಿ ಒಂದು ವಾರ ದಾಟಿರಬಾರದು. ಹಳೀ ಹಿಟ್ಟಿಗೆ ಜಿಗಿ ಇರಂಗಿಲ್ಲ, ಅಂಚು ಸೀಳತಾವ. ಜೋಳದಾಗ ಗೋಧಿಯಂಥ ಅಂಟು ಇಲ್ಲ, ಅದನ್ನ ಹಿಡಿಯೋದು ಕುದಿನೀರಾಗ ಬೆಂದ ಪಿಷ್ಟ ಮಾತ್ರ. ಅದಕ್ಕ ನೀರು ಬರೇ ಬಿಸಿ ಆದ್ರ ಸಾಲದು, ಕುದೀಬೇಕು.

ಕುದಿಯೋ ನೀರು ಒಲಿಯಿಂದ ಇಳಿಸಿ ಹಿಟ್ಟು, ಉಪ್ಪು, ಎಳ್ಳು ಹಾಕಿ ಕಟಗಿಲೆ ಕಲಸಿ 5 ನಿಮಿಷ ಮುಚ್ಚಿಡ್ರಿ. ಬಿಸಿ ಇದ್ದಾಗೇ ಕೈ ತೋಯಿಸಿಕೊಂಡು 5 ನಿಮಿಷ ನಾದ್ರಿ. ಎರಡು ಭಾಗ ಮಾಡಿ ಒಂದನ್ನ ಹಸಿ ಅರಿವ್ಯಾಗ ಮುಚ್ಚಿಡ್ರಿ. ಇನ್ನೊಂದನ್ನ ಎರಡು ಪ್ಲಾಸ್ಟಿಕ್ ಹಾಳಿ ನಡುವ ಇಟ್ಟು 2 ಮಿಲಿಮೀಟರ್ ದಪ್ಪಕ್ಕ ಲಟ್ಟಿಸಿ, 5 ಸೆಂಟಿಮೀಟರ್ ಅಗಲದ ಸ್ಟೀಲ್ ಡಬ್ಬಿ ಮುಚ್ಚಳದಿಂದ ಬಿಲ್ಲಿ ಕೊಯ್ರಿ. ಉಳಿದ ಹಿಟ್ಟು ಮತ್ತ ನಾದಿ ಲಟ್ಟಸ್ರಿ. ಒಡದದ್ದು, ಸೀಳಿದ್ದು ತಗದ್ರೂ 55ರ ಸುತ್ತ ಬರ್ತಾವ.

ಇಲ್ಲೊಂದು ಉಲ್ಟಾ ಮಾತು ಅದ. ರೊಟ್ಟಿ ಅಂದ್ರ ಉಬ್ಬಬೇಕು, ಈ ಬಿಲ್ಲಿ ಉಬ್ಬಬಾರದು. ಉಬ್ಬಿದ್ರ ಎರಡು ತೆಳು ಪದರ ಆಗಿ, ಚೀಸ್ ಒತ್ತಿದ ಕೂಡ್ಲೆ ಮ್ಯಾಲಿನ ಪದರ ಒಳಗ ಕುಸೀತದ. ಅದಕ್ಕ ಫೋರ್ಕಿಲೆ ನಾಕೈದು ತೂತು ಚುಚ್ರಿ. ನಡುವಿನ ಉರಿಯಾಗ ಹಂಚಿನ ಮ್ಯಾಲ ಹಾಕಿ, ಮ್ಯಾಲಿನ ಮಗ್ಗಲಕ್ಕ ನೀರ ಅರಿವಿ ಒರಸ್ರಿ. 40 ಸೆಕೆಂಡಿಗೆ ತಿರವಿ, ಇನ್ನೊಂದು ಮಗ್ಗಲ ಒಂದು ನಿಮಿಷ. ಎಲ್ಲಾ ಆದ ಮ್ಯಾಲ ಉರಿ ಪೂರ್ತಿ ಸಣ್ಣ ಮಾಡಿ, ಅರಿವಿಲೆ ಒತ್ತಿಕೋತ, ತಿರವಿಕೋತ 8ರಿಂದ 10 ನಿಮಿಷ ಒಣಗಿಸ್ರಿ. ಓವನ್ ಇದ್ರ 130 ಡಿಗ್ರಿ, 25 ನಿಮಿಷ. ಮುರದ್ರ ಟಪ್ಪ ಅನಬೇಕು, ನಡುವ ಬಾಗಬಾರದು. ಬಾಗಿದ್ರ ಇನ್ನೂ ನೀರು ಅದ.

ಪೂರ್ತಿ ಆರಿಸಿ, ಕನಿಷ್ಠ ಅರ್ಧ ತಾಸು ಆದ ಮ್ಯಾಲೇ ಡಬ್ಬಿಗೆ ಹಾಕ್ರಿ. ಬಿಸೀಲೆ ಮುಚ್ಚಿದ್ರ ಉಗಿ ಒಳಗೇ ಇಳದು ಎಲ್ಲಾ ಮೆತ್ತಗಾಗ್ತಾವ. ಬಿಗಿ ಡಬ್ಬ್ಯಾಗ 10–15 ದಿನ ಆರಾಮ ಇರ್ತಾವ.

ಇಷ್ಟೆಲ್ಲಾ ಬ್ಯಾಡ ಅಂದ್ರ ಸ್ವಸಹಾಯ ಗುಂಪಿನವರ ಖಡಕ್ ರೊಟ್ಟಿ ತಂದು ಹೆಂಗ್ಬೇಕಾದಂಗ ಮುರೀರಿ, ಬುಟ್ಟ್ಯಾಗ ನಿಂದ್ರಸ್ರಿ, ಚೀಸ್ ಬಟ್ಟಲದಾಗ ಇಡ್ರಿ. ಮಂದಿ ಅದ್ದಕೊಂಡು ತಿಂತಾರ. ಜೋಡಸೋ ಕೆಲಸಾನೇ ಇಲ್ಲ.

ಚೀಸಿಗೆ ಎಮ್ಮಿ ಹಾಲೇ ತಗೋರಿ, ಜಿಡ್ಡು ಜಾಸ್ತಿ, ಮಾಲೂ ಜಾಸ್ತಿ ಬರ್ತದ. ಬಿಲ್ಲಿ ಮೆತ್ತಗಾಗಬಾರದು ಅಂದ್ರ ಮೊದಲ ತೆಳ್ಳಗ ಬೆಣ್ಣಿ ಹಚ್ರಿ, ಮ್ಯಾಲ ಚೀಸ್.

ಹೆಪ್ಪು, ಕಲಬುರಗಿ

ರೊಟ್ಟಿಯ ಭಾಗಕ್ಕೆ ನನ್ನ ಪೂರ್ತಿ ಒಪ್ಪಿಗೆ. ಕೊನೆಯ ಎರಡು ಸಾಲಿಗೆ ಮಾತ್ರ ಇಲ್ಲ. ಎಲ್ಲದಕ್ಕೂ ಎಮ್ಮೆ ಹಾಲು ಸರಿಯಲ್ಲ, ಮೇ ತಿಂಗಳಲ್ಲಿ ಬೆಣ್ಣೆಯಂತೂ ಸರಿಯೇ ಅಲ್ಲ. ಬೆಣ್ಣೆಯ ಮಾತು ಆಮೇಲೆ.

ಮೊದಲು ಚೀಸ್ ಎಂದರೆ ಯಾವುದು ಎಂದು ತೀರ್ಮಾನವಾಗಲಿ. (ಚೀಸ್‌ಗೆ ಗಿಣ್ಣು ಅನ್ನುವವರಿದ್ದಾರೆ. ನಮ್ಮ ಕಡೆ ಗಿಣ್ಣು ಅಂದರೆ ಈದ ಆಕಳ ಮೊದಲ ಹಾಲು ಕಾಯಿಸಿದ್ದು. ಹಾಲಿನವರ ಹತ್ತಿರ ಆ ಹೆಸರು ಹೇಳಿದರೆ ಬೇರೆಯದೇ ಕೈಗೆ ಬರುತ್ತದೆ.) ಹಣ್ಣಾಗಿಸಿದ ಗಟ್ಟಿ ಚೀಸ್‌ಗೆ 10–14 ಡಿಗ್ರಿ ತಂಪು, 80–85 ಶೇಕಡಾ ತೇವ, ತಿಂಗಳುಗಟ್ಟಲೆ ಕಾಯುವ ಕೋಣೆ ಬೇಕು. ಅದು ಮನೆಯ ಕೆಲಸವಲ್ಲ. ಮನೆಯಲ್ಲಿ ಆಗುವುದು ತಾಜಾ ಚೀಸ್, ಅದರಲ್ಲಿ ನಿಮಗೆ ಬೇಕಾದ್ದು ಮೂರು: ಹಚ್ಚಲು ಬರುವ ಮೆತ್ತನೆಯ ಛೆನ್ನಾ, ಕೊಯ್ಯಲು ಬರುವ ಪನೀರ್, ಕಟ್ಟಿ ಸೋಸಿದ ಮೊಸರಿನ ಚಕ್ಕಾ.

ಹಚ್ಚುವ ಚೀಸ್‌ಗೆ ಆಕಳ ಹಾಲು, ಕೊಯ್ಯುವ ಚೀಸ್‌ಗೆ ಎಮ್ಮೆ ಹಾಲು. ಎಮ್ಮೆ ಹಾಲಿನಲ್ಲಿ ಕೇಸೀನ್ ಎಂಬ ಪ್ರೋಟೀನ್ ಮತ್ತು ಕ್ಯಾಲ್ಸಿಯಂ ಹೆಚ್ಚು, ಹಾಗಾಗಿ ಒಡೆದಾಗ ಗಟ್ಟಿಯಾದ, ತರಿತರಿಯಾದ ಹರಳು ಕಟ್ಟುತ್ತದೆ. ಎಷ್ಟು ತಿಕ್ಕಿದರೂ ನಾಲಿಗೆಗೆ ರವೆಯಂತೆ ಸಿಗುತ್ತದೆ. ಆಕಳ ಹಾಲಿನ ಛೆನ್ನಾ ನುಣ್ಣಗಾಗುತ್ತದೆ. ಬಂಗಾಳದ ರಸಗುಲ್ಲಾದವರು ಆಕಳ ಹಾಲನ್ನೇ ಕೇಳುವುದು ಅದಕ್ಕೆ. ದೇವಣಿ ಹಾಲು ಸಿಗುತ್ತದೆ ಎಂದಿದ್ದೀರಿ, ಅದನ್ನು ಇದಕ್ಕೆ ಇಟ್ಟುಕೊಳ್ಳಿ. ಪ್ಯಾಕೆಟ್ ಆದರೆ 3 ಶೇಕಡಾ ಜಿಡ್ಡಿನ ಟೋನ್ಡ್ ಹಾಲು ನಡೆಯುತ್ತದೆ, ಮಾಲು ಮಾತ್ರ ಕಡಿಮೆ ಬರುತ್ತದೆ. ಹೋಮೊಜಿನೈಸ್ಡ್ ಎಂದು ಬರೆದಿರುವುದು ಕೊಯ್ಯುವ ಪನೀರ್‌ಗೆ ಬೇಡ, ಪುಡಿಪುಡಿಯಾಗುತ್ತದೆ. ತಿಂಗಳುಗಟ್ಟಲೆ ಹೊರಗಿಡುವ ಟೆಟ್ರಾ ಡಬ್ಬಿಯ ಹಾಲು ಯಾವುದಕ್ಕೂ ಬೇಡ.

ಛೆನ್ನಾ 400 ಗ್ರಾಂ: ಆಕಳ ಹಾಲು ಎರಡೂವರೆ ಲೀಟರ್, ಸಿಟ್ರಿಕ್ ಆಮ್ಲ 5 ಗ್ರಾಂ, ಅಂದರೆ ಒಂದು ಮಟ್ಟ ಚಮಚ, 500 ಮಿಲಿ ಬಿಸಿ ನೀರಿನಲ್ಲಿ ಕರಗಿಸಿದ್ದು. ಕಿರಾಣಿ ಅಂಗಡಿಯಲ್ಲಿ ಲಿಂಬಿ ಉಪ್ಪು ಎಂದು ಸಿಗುವುದು ಇದೇ. ಲಿಂಬೆಹಣ್ಣೇ ಬೇಕೆಂದರೆ 100 ಮಿಲಿ ರಸ, ನಾಲ್ಕೈದು ಹಣ್ಣು. ಆದರೆ ಬೇಸಿಗೆಯ ಹಣ್ಣಿಗೂ ಮಳೆಗಾಲದ ಹಣ್ಣಿಗೂ ಹುಳಿ ಒಂದೇ ಇರುವುದಿಲ್ಲ, ಲೆಕ್ಕ ತಪ್ಪುತ್ತದೆ.

ಹಾಲನ್ನು ತಳ ಹಿಡಿಯದಂತೆ ಕೈಯಾಡಿಸುತ್ತ 90 ಡಿಗ್ರಿಗೆ ಒಯ್ದು 5 ನಿಮಿಷ ಅಲ್ಲೇ ಇಡಿ. ರೈತರಿಂದ ತಂದ ಹಸಿ ಹಾಲಾದರೆ ಈ ಹೆಜ್ಜೆ ಬಿಡುವಂತೆಯೇ ಇಲ್ಲ, ಬ್ರುಸೆಲ್ಲಾದಂಥ ರೋಗಾಣು ಸಾಯುವುದು ಇಲ್ಲೇ. ಜೊತೆಗೆ ಹಾಲೊಡಕಿನ ಪ್ರೋಟೀನೂ ಹರಳಿಗೆ ಅಂಟಿಕೊಂಡು ಮಾಲು ಹೆಚ್ಚುತ್ತದೆ. ಒಲೆ ಆರಿಸಿ 80 ಡಿಗ್ರಿಗೆ ಇಳಿಯಲಿ. ಆಮ್ಲದ ನೀರನ್ನೂ ಅಷ್ಟೇ ಬಿಸಿ ಮಾಡಿ, ಸಣ್ಣ ಧಾರೆಯಾಗಿ, ಎರಡು ನಿಮಿಷದಲ್ಲಿ ಹಾಕುತ್ತ ಬನ್ನಿ. ಕೈ ಮೆಲ್ಲಗೆ ಆಡಲಿ, ಕಡೆಯಬಾರದು. ಒಡಕು ನೀರು ತಿಳಿಯಾಗಿ ಹಸಿರು ಹಳದಿ ಬಣ್ಣಕ್ಕೆ ಬಂದ ಕ್ಷಣ ನಿಲ್ಲಿಸಿ, ಆಮ್ಲದ ನೀರು ಉಳಿದಿದ್ದರೂ ಸರಿ. ಒಡಕು ಬೆಳ್ಳಗಿದ್ದರೆ ಇನ್ನೂ ಸಾಲದು. ಉಳಿದದ್ದನ್ನೆಲ್ಲ ಸುರಿದರೆ ಚೀಸ್ ಹುಳಿಯಾಗುತ್ತದೆ, ಒಡೆದ ಮೇಲೂ ಒಲೆ ಮೇಲೆ ಕುದಿಸಿದರೆ ರಬ್ಬರ್ ಆಗುತ್ತದೆ. ಮನೆ ಪನೀರ್ ಕೆಡುವುದು ಹೆಚ್ಚಾಗಿ ಈ ಎರಡರಿಂದಲೇ.

ಐದು ನಿಮಿಷ ಬಿಟ್ಟು ತೆಳು ಬಟ್ಟೆಯಲ್ಲಿ ಸೋಸಿ. ಅರ್ಧ ತಾಸು ನೇತು ಹಾಕಿದರೆ ಸಾಕು, ಭಾರ ಇಡಬೇಡಿ. ಇನ್ನೂ ಉಗುರು ಬೆಚ್ಚಗಿರುವಾಗ 3 ಗ್ರಾಂ ಉಪ್ಪು, 40 ಮಿಲಿ ಕೆನೆ ಹಾಕಿ ಮಿಕ್ಸಿಯಲ್ಲಿ ಒಂದು ನಿಮಿಷ ತಿರುಗಿಸಿ. ತಣ್ಣಗಾದ ಮೇಲೆ ತಿರುಗಿಸಿದರೆ ತರಿ ಹಾಗೇ ಉಳಿಯುತ್ತದೆ. ಉಪ್ಪಿನ ಬಿಸ್ಕತ್ತಿನ ಮೇಲೆ ಹೋಗುವುದಾದ್ದರಿಂದ 3 ಗ್ರಾಂ. ರೊಟ್ಟಿ ಬಿಲ್ಲೆಗಾದರೆ 4.

ಪನೀರ್ 400 ಗ್ರಾಂ: ಎಮ್ಮೆ ಹಾಲು ಎರಡು ಲೀಟರ್ ಸಾಕು. ಆಮ್ಲ 4 ಗ್ರಾಂ, ನೀರು 400 ಮಿಲಿ. ಕ್ರಮ ಅದೇ, ಆದರೆ ಆಮ್ಲ ಹಾಕುವುದು 70 ಡಿಗ್ರಿಯಲ್ಲಿ. ಬಿಸಿ ಹೆಚ್ಚಿದಷ್ಟೂ ಹರಳು ಗಟ್ಟಿ. ಆಕಳ ಹಾಲಿಗೆ ಆ ಗಟ್ಟಿತನ ಬೇಕು, ಎಮ್ಮೆ ಹಾಲಿಗೆ ಅದು ಹುಟ್ಟಿನಿಂದಲೇ ಇದೆ. ಬಟ್ಟೆಯಲ್ಲಿ ಕಟ್ಟಿ, ಚೌಕ ಡಬ್ಬಿಯಲ್ಲಿ 3 ಕಿಲೊ ಭಾರದಡಿ 20 ನಿಮಿಷ, ಆಮೇಲೆ ಫ್ರಿಜ್ಜಿನ ತಣ್ಣೀರಿನಲ್ಲಿ 2 ತಾಸು. ಥರ್ಮಾಮೀಟರ್ 200–300 ರೂಪಾಯಿಗೆ ಸಿಗುತ್ತದೆ, ಬೆರಳು ಅದ್ದಿ ನೋಡುವ ಬಿಸಿ ಇದಲ್ಲ.

ಚಕ್ಕಾ: ಸೋಸುವ ದಿನ ಬೆಳಿಗ್ಗೆ ಹೆಪ್ಪುಗಟ್ಟಿದ, ಹುಳಿ ಬರದ ಎಮ್ಮೆ ಮೊಸರು ಒಂದು ಕಿಲೊ. ಬಟ್ಟೆ ಹಾಸಿದ ಜರಡಿಯಲ್ಲಿ ಹಾಕಿ, ಕೆಳಗೆ ಪಾತ್ರೆ ಇಟ್ಟು, ಫ್ರಿಜ್ಜಿನ ಒಳಗೇ 10–12 ತಾಸು. 450 ಗ್ರಾಂ ಸುತ್ತ ಉಳಿಯುತ್ತದೆ. ಮೇ ತಿಂಗಳಲ್ಲಿ ಮೊಳೆಗೆ ನೇತು ಹಾಕಿದರೆ ನೀರು ಇಳಿಯುವಷ್ಟರಲ್ಲಿ ಹುಳಿ ಏರಿರುತ್ತದೆ, ಯಾವ ಉಪ್ಪೂ ಅದನ್ನು ಮುಚ್ಚುವುದಿಲ್ಲ.

ಇನ್ನು ಬೆಣ್ಣೆ. ಬಿಸ್ಕತ್ತು ಒಣ, ತಾಜಾ ಚೀಸ್ ಅರ್ಧಕ್ಕಿಂತ ಹೆಚ್ಚು ನೀರು. ಎರಡನ್ನೂ ಒಂದರ ಮೇಲೊಂದು ಇಟ್ಟ ಕ್ಷಣದಿಂದ ನೀರು ಕೆಳಗಿಳಿಯುತ್ತದೆ. ಬೆಣ್ಣೆ ಅದನ್ನು ತಡೆಯುವುದು ಗಟ್ಟಿಯಾಗಿರುವವರೆಗೆ. ಅದು ಕರಗುವುದು 32–35 ಡಿಗ್ರಿಯಲ್ಲಿ. ಮೇ ಸಂಜೆ 7ಕ್ಕೆ ಇಲ್ಲಿಯ ಮಾಳಿಗೆಯ ಮೇಲೆ ಅದಕ್ಕಿಂತ ಹೆಚ್ಚೇ ಇರುತ್ತದೆ, ಹಗಲೆಲ್ಲ ಕಾದ ಶಹಾಬಾದ್ ಫರಸಿ ಬೇರೆ ಕೆಳಗಿನಿಂದ ಬಿಸಿ ಬಿಡುತ್ತಿರುತ್ತದೆ. ಕರಗಿದ ಬೆಣ್ಣೆ ತಾನೇ ಬಿಸ್ಕತ್ತಿನೊಳಗೆ ಇಳಿದು ಮೆತ್ತಗೆ ಮಾಡುತ್ತದೆ. ಡಿಸೆಂಬರಿನಲ್ಲಾದರೆ ಬೆಣ್ಣೆಗೆ ನನ್ನ ಅಡ್ಡಿ ಇಲ್ಲ.

ರಂಜಕ, ಯಾದಗಿರಿ

ಬೆಣ್ಣಿ ಬದಲಿ ಹಿಂಡಿ, ಅಂದ್ರ ಒಣಾ ಚಟ್ನಿ ಪುಡಿ. ಅಗಸಿ ಹಿಂಡಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಯಾವುದಾದ್ರೂ ಸೈ. ಒಣಾ ಪುಡಿ ಇಳಿಯೋ ನೀರನ್ನ ಮೊದಲ ತಾನು ಕುಡೀತದ, ಕಾಳಿನ ಎಣ್ಣಿ ಒಂದಿಷ್ಟು ತಡೀತದ. ಬಿಲ್ಲಿಗೆ ಅರ್ಧ ಚಮಚ ಹರವಿ ಮ್ಯಾಲ ಚೀಸ್ ಇಟ್ರ 20–25 ನಿಮಿಷ ಕುರುಂ ಅಂತದ. ಅಗಸಿ ಎಲ್ಲಾಕ್ಕಿಂತ ಛಲೋ. ನೀರು ಹತ್ತಿದ ಕೂಡ್ಲೆ ಲೋಳಿ ಬಿಟ್ಟು ಚೀಸಿಗೆ ಅಂಟತದ, ಕೈಯಾಗ ಹಿಡದ್ರ ಜಾರಂಗಿಲ್ಲ.

ಮೂರು ನಮೂನಿ ಹಿಂಗ ಮಾಡ್ರಿ.

ಒಂದು, ಜೋಳದ ಬಿಲ್ಲಿ, ಅಗಸಿ ಹಿಂಡಿ, ಚಕ್ಕಾ. 100 ಗ್ರಾಂ ಅಗಸಿ ಸಣ್ಣ ಉರಿಯಾಗ ಚಟಚಟ ಅನ್ನೋತನಕ 5–6 ನಿಮಿಷ ಹುರದು ಆರಸ್ರಿ. 8 ಎಸಳು ಬಳ್ಳೊಳ್ಳಿ, ಒಂದು ಚಮಚ ಜೀರಗಿ, ಎರಡು ಚಮಚ ಕೆಂಪ ಖಾರ, ಒಂದೂವರಿ ಚಮಚ ಉಪ್ಪು. ಮಿಕ್ಸಿ ಬಿಟ್ಟು ಬಿಟ್ಟು ತಿರವ್ರಿ. ಒಂದೇ ಸಮ ತಿರವಿದ್ರ ಎಣ್ಣಿ ಬಿಟ್ಟು ಮುದ್ದಿ ಆಗ್ತದ, ಆಮ್ಯಾಲ ಹರವಾಕ ಬರಂಗಿಲ್ಲ. ಚಕ್ಕಾಕ್ಕ 4 ಗ್ರಾಂ ಉಪ್ಪು, ಒಂದು ಎಸಳು ಜಜ್ಜಿದ ಬಳ್ಳೊಳ್ಳಿ, ಅಷ್ಟೇ. ಮ್ಯಾಲ ಒಂದು ಕೊತ್ತಂಬರಿ ಎಲಿ. ಹಸಿ ಉಳ್ಳಾಗಡ್ಡಿ, ಸವತಿಕಾಯಿ, ಟಮಾಟಿ ಯಾವುದನ್ನೂ ಇದರ ಮ್ಯಾಲ ಇಡಬ್ಯಾಡ್ರಿ. ಉಪ್ಪು ಹತ್ತಿದ ಕೂಡ್ಲೆ ನೀರು ಬಿಡ್ತಾವ, ಹಿಂಡಿ ಕೈಸೋಲ್ತದ.

ಎರಡು, ಉಪ್ಪಿನ ದುಂಡು ಬಿಸ್ಕತ್ತು (ಮೊನ್ಯಾಕೊ ಅಂಥಾದ್ದು), ಆಕಳ ಛೆನ್ನಾ, ಕಮಲಾಪುರದ ಕೆಂಪು ಬಾಳಿಹಣ್ಣು. ನಮ್ಮ ಕಡೀದೇ ಹಣ್ಣು, ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದ್ದದ್ದು. ದಿನಾ ತಿನ್ನಾಕ ತುಟ್ಟಿ, ಇದಕ್ಕ ನಾಕೇ ಹಣ್ಣು ಸಾಕು. ಪೂರ್ತಿ ಹಣ್ಣಾಗಿರಬೇಕು, ಆದ್ರ ಒತ್ತಿದ್ರ ಇಳೀಬಾರದು. ಅರ್ಧ ಸೆಂಟಿಮೀಟರ್ ಬಿಲ್ಲಿ ಕೊಯ್ದು, ದಪ್ಪ ಇದ್ರ ಎರಡು ಹೋಳು ಮಾಡಿ, 100 ಮಿಲಿ ನೀರಿಗೆ ಒಂದು ಚಮಚ ಲಿಂಬಿ ರಸ ಹಾಕಿ ಅದರಾಗ ಅದ್ದಿ ತಗದು ಅರಿವಿ ಮ್ಯಾಲ ಆರಸ್ರಿ. ಅದ್ದದಿದ್ರ 15–20 ನಿಮಿಷದಾಗ ಕಪ್ಪಾಗ್ತದ. ಛೆನ್ನಾ, ಹಣ್ಣು, ಎರಡು ಹನಿ ಜೇನ, ಮ್ಯಾಲ ಕುಟ್ಟಿದ ಕರಿಮೆಣಸು. ಜೇನ ಬಿಸ್ಕತ್ತಿಗೆ ಮುಟ್ಟಬಾರದು, ಹಣ್ಣಿನ ಮ್ಯಾಲೇ ಬೀಳಬೇಕು. ಇದಕ್ಕ ಹಿಂಡಿ ಹೊಂದಂಗಿಲ್ಲ, ಹಂಗಾಗಿ ಇದನ್ನ ಎಲ್ಲಾದಕ್ಕಿಂತ ಕಡೀಗೆ ಜೋಡಸ್ರಿ.

ಮೂರು, ಚೌಕ ಕ್ರೀಮ್ ಕ್ರ್ಯಾಕರ್, ಎಮ್ಮಿ ಪನೀರ್, ಪುಂಡಿ ಚಟ್ನಿ. 200 ಗ್ರಾಂ ಪುಂಡಿ ಎಲಿ, 6 ಹಸಿ ಮೆಣಸಿನಕಾಯಿ, 6 ಎಸಳು ಬಳ್ಳೊಳ್ಳಿ ಎರಡು ದೊಡ್ಡ ಚಮಚ ಎಣ್ಣಿಯಾಗ ನೀರು ಪೂರ್ತಿ ಆರೋತನಕ ಬಾಡಿಸಿ, ಉಪ್ಪು ಹಾಕಿ ಅರೀರಿ. ಅರಿಯೋವಾಗ ನೀರು ಹನಿಸಬ್ಯಾಡ್ರಿ. ಪನೀರ್ 3 ಸೆಂಟಿಮೀಟರ್ ಚೌಕ, 8 ಮಿಲಿಮೀಟರ್ ದಪ್ಪ ಕೊಯ್ದ್ರ 400 ಗ್ರಾಂಗೆ 50 ಬರ್ತಾವ. ಲೀಟರ್ ನೀರಿಗೆ 80 ಗ್ರಾಂ ಉಪ್ಪು ಕರಗಿಸಿ ಅದರಾಗ ಒಂದು ತಾಸು ನೆನಸ್ರಿ, ಇಲ್ಲಂದ್ರ ಒಳಗ ಸಪ್ಪಗ ಇರ್ತದ. ತಗದು ಅರಿವ್ಯಾಗ ಒತ್ತಿ ನೀರು ಹೀರಸ್ರಿ. ಚಟ್ನಿ ಮ್ಯಾಲೆ, ಪನೀರ್ ತೆಳಗ. ಚಟ್ನಿ ತೆಳಗ ಹಚ್ಚಿದ್ರ ಕ್ರ್ಯಾಕರ್ ಹಸರಾಗಿ ಮೆತ್ತಗಾಗ್ತದ, ನೋಡಾಕೂ ಛಂದ ಕಾಣಂಗಿಲ್ಲ.

ರಂಜಕ (ಕೆಂಪ ಮೆಣಸಿನಕಾಯಿ ಚಟ್ನಿ) ಹಾಕಬಹುದೇನು ಅಂತ ಕೇಳ್ತೀರಿ ಅಂತ ಗೊತ್ತು. ಹಾಕ್ರಿ, ಆದ್ರ ಗೋಧಿ ಕಾಳಿನಷ್ಟ. ಸಣ್ಣ ಹುಡುಗರ ತಟ್ಟಿಗೆ ಬ್ಯಾಡ.

ಇದೇ ಪಾರ್ಟಿ ಎಳ್ಳಮಾಸಿ ಸುತ್ತ ಇದ್ದಿದ್ರ ನಾನು ಹಸಿ ತೊಗರಿ ಕಾಳು ಹೇಳ್ತಿದ್ದೆ. 250 ಗ್ರಾಂ ಕಾಳು ಉಪ್ಪು ನೀರಾಗ 8 ನಿಮಿಷ ಕುದಿಸಿ, 150 ಗ್ರಾಂ ಛೆನ್ನಾ, ಎರಡು ಹಸಿ ಮೆಣಸಿನಕಾಯಿ, ಜೀರಗಿ ಕೂಡಿಸಿ ದಪ್ಪಗ ಕುಟ್ಟಿದ್ರ ಜೋಳದ ಬಿಲ್ಲಿಗೆ ಅದರಂಥ ಜೋಡಿ ಇನ್ನೊಂದಿಲ್ಲ. ಮೇದಾಗ ಸಿಗಂಗಿಲ್ಲ, ಬಿಡ್ರಿ.

ಮಾಳಿಗಿಮನಿ, ಕಲಬುರಗಿ

ಬರಕೊಂಡೆ. ಇನ್ನೆರಡು ಪ್ರಶ್ನಿ. ಬೆಂಗಳೂರಿಂದ ಬರೋ ಬಂಧುಗಳು ಅಲ್ಲಿಯ ಕೈ ಕೆಲಸದ ಚೀಸ್ ತರ್ತೀನಿ ಅಂತಾರ. ರಾತ್ರಿ ರೈಲಿನಾಗ ತಂದ್ರ ಕೆಡತದೇನು, ಯಾವುದು ತರಸಬೇಕು? ಮತ್ತ ಎಲ್ಲಾ ಜೋಡಿಸಿ ಫ್ರಿಜ್ಜಿನಾಗ ಇಟ್ಟು ಬೇಕಾದಾಗ ತಗದ್ರ ಆಗಂಗಿಲ್ಲೇನು?

ಹೆಪ್ಪು, ಕಲಬುರಗಿ

ಗಟ್ಟಿಯಾದ, ಹಣ್ಣಾದ ಚೀಸ್ ಮಾತ್ರ ತರಿಸಿ. ಗೌಡಾ, ಚೆಡ್ಡಾರ್ ಜಾತಿಯದು. ನೀರು ಕಡಿಮೆ, ಉಪ್ಪು ಹೆಚ್ಚು, ಒಂದು ರಾತ್ರಿಯ ಪ್ರಯಾಣ ತಾಳುತ್ತದೆ. ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಎರಡು ಐಸ್ ಪ್ಯಾಕ್, ಐಸ್ ಚೀಸಿಗೆ ನೇರ ತಾಗದಂತೆ ನಡುವೆ ಬಟ್ಟೆ. ನೀರಿನಲ್ಲಿ ತೇಲುವ ಮೊಝರೆಲ್ಲಾ, ಬುರಾಟಾ ಬೇಡ. ಅವು ಬೇಗನೆ ತಿಂದು ಮುಗಿಸಬೇಕಾದವು. ನೀಲಿ ಬೂಸಿನ ಚೀಸ್ ನಿಮ್ಮ ಮಂದಿಗೆ ಹೊಸದಾದರೆ 150 ಗ್ರಾಂಗಿಂತ ಹೆಚ್ಚು ತರಿಸಬೇಡಿ, ವಾಸನೆಗೇ ತಟ್ಟೆ ತಿರುಗಿ ಬರುತ್ತದೆ.

ಸಸ್ಯಾಹಾರಿಗಳು ಎಂದಿದ್ದೀರಿ. ಗಟ್ಟಿ ಚೀಸ್ ಹೆಪ್ಪುಗಟ್ಟಿಸಲು ರೆನೆಟ್ ಎಂಬ ಕಿಣ್ವ ಬೇಕು. ಅದು ಕರುವಿನ ಹೊಟ್ಟೆಯಿಂದಲೂ ಬರುತ್ತದೆ, ಸೂಕ್ಷ್ಮಜೀವಿಗಳಿಂದಲೂ ಬರುತ್ತದೆ. ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದೆಯೇ ನೋಡಿ ತರಲು ಹೇಳಿ. ವಿದೇಶದಿಂದ ಬಂದ ಚೀಸ್ ಆದರೆ ಇನ್ನೂ ಎಚ್ಚರ. ಮನೆಯ ಛೆನ್ನಾ, ಪನೀರ್, ಚಕ್ಕಾಕ್ಕೆ ಈ ತಂಟೆಯೇ ಇಲ್ಲ.

ಗಟ್ಟಿ ಚೀಸ್ ಬಡಿಸುವ ರೀತಿ ಬೇರೆ. ತಣ್ಣಗಿರುವಾಗಲೇ 3 ಮಿಲಿಮೀಟರ್ ತೆಳುವಾಗಿ ಕೊಯ್ದುಕೊಳ್ಳಿ, ನಡುವೆ ಬೆಣ್ಣೆ ಕಾಗದ ಹಾಕಿ ಫ್ರಿಜ್ಜಿಗಿಡಿ. ಪುಸ್ತಕಗಳು ಒಂದು ತಾಸು ಮೊದಲು ಹೊರಗೆ ತೆಗೆದಿಡಿ ಎನ್ನುತ್ತವೆ. ಅದು 20 ಡಿಗ್ರಿಯ ಕೋಣೆಯ ಮಾತು. ಇಲ್ಲಿ 10 ನಿಮಿಷ ಸಾಕು, ಅರ್ಧ ತಾಸಾದರೆ ಮೈಯೆಲ್ಲ ಎಣ್ಣೆ ಬೆವರುತ್ತದೆ. ಕ್ರ್ಯಾಕರ್ ಮೇಲೆ ಶೇಂಗಾ ಹಿಂಡಿ ಉದುರಿಸಿ ಅದರ ಮೇಲೆ ಇದನ್ನಿಟ್ಟರೆ ಸಾಕು, ಮತ್ತೇನೂ ಬೇಡ.

ಜೋಡಿಸಿ ಫ್ರಿಜ್ಜಿಗಿಡುವುದು ಆಗದು. ಒಳಗೆ ನೀರು ಇಳಿಯುತ್ತಲೇ ಇರುತ್ತದೆ, ಹೊರಗೆ ತೆಗೆದಾಗ ತಣ್ಣಗಿನ ಬಿಸ್ಕತ್ತಿನ ಮೇಲೆ ಗಾಳಿಯ ಪಸೆಯೂ ಕೂರುತ್ತದೆ. ಚೀಸ್ ಫ್ರಿಜ್ಜಿನಲ್ಲಿ, ಬಿಸ್ಕತ್ತು ಡಬ್ಬಿಯಲ್ಲಿ, ಎರಡೂ ಕೂಡುವುದು ತಟ್ಟೆಯ ಮೇಲೆ.

ತಾಜಾ ಚೀಸಿನ ಗಡುವೂ ನೆನಪಿರಲಿ. 32 ಡಿಗ್ರಿ ದಾಟಿದ ಜಾಗದಲ್ಲಿ ಒಂದು ತಾಸು, ಅಷ್ಟೇ. ಅದಾದ ಮೇಲೆ ಉಳಿದದ್ದನ್ನು ಮತ್ತೆ ಫ್ರಿಜ್ಜಿಗಿಟ್ಟು ಮರುದಿನ ತಿನ್ನುವುದು ಬೇಡ.

ಖಡಕ್, ಬೀದರ

ಬೆಣ್ಣಿ ಮಾತು ವಾಪಸ್ ತಗೊಂಡೆ, ಬೀದರದ ಚಳಿಗಾಲದ ಲೆಕ್ಕ ಹೇಳಿದ್ದೆ. ಆದ್ರ ಬಾಳಿಹಣ್ಣಿನ ನಮೂನಿಗೆ ಹಿಂಡಿ ಇಲ್ಲದಾಗ ಏನು ತಡಿ? ಎಳ್ಳು ಹುರದು ಕುಟ್ಟಿ ಚಿಟಿಕಿ ಉದುರಸ್ರಿ, ಉಪ್ಪು ಖಾರ ಹಾಕದೇ. ಸಿಹಿಗೆ ಹೊಂದತದ, ನೀರೂ ಹಿಡೀತದ.

ಪರಾತ, ಕಲಬುರಗಿ

ಅಡುಗಿ ಎಲ್ಲಾರೂ ಹೇಳ್ಯಾರ, ಬಡಸೋದು ಯಾರೂ ಹೇಳಿಲ್ಲ. 150 ತುಣುಕು ಒಮ್ಮೆಲೆ ಜೋಡಸಬ್ಯಾಡ್ರಿ. 20 ನಿಮಿಷಕ್ಕೊಮ್ಮೆ 35–40, ನಾಕು ಸಲ. ಇಬ್ಬರು ಕುಂತ್ರ 40ಕ್ಕ 8 ನಿಮಿಷ ಸಾಕು.

ದೊಡ್ಡ ಪರಾತದಾಗ 2 ಕಿಲೊ ಒಡದ ಐಸ್, ಒಂದು ಹಿಡಿ ಕಲ್ಲುಪ್ಪು, ಅದರ ಮ್ಯಾಲ ಸ್ಟೀಲ್ ತಾಟು, ತಾಟಿನಾಗ ಚೀಸ್ ಡಬ್ಬಿಗಳು. ಉಪ್ಪು ಹಾಕಿದ್ರ ಐಸ್ ಸೊನ್ನೆಗಿಂತ ತೆಳಗ ಇಳೀತದ. ಇದು ಚೀಸಿಗೆ ಮಾತ್ರ. ಜೋಡಿಸಿದ ಬಿಲ್ಲಿ ಇದರ ಮ್ಯಾಲ ಇಟ್ರ ತಾಟು ಬೆವತು ತಳಾ ತೊಯ್ತದ. ಜೋಡಸೋ ಜಾಗ ಮಾಳಿಗಿ ಅಲ್ಲ, ತೆಳಗ ಅಡಗಿಮನಿ. ಫ್ಯಾನಿನ ಗಾಳಿ ನೇರ ಬೀಳಬಾರದು, ಈ ಒಣ ಹವಾದಾಗ ಛೆನ್ನಾದ ಮ್ಯಾಲ 15 ನಿಮಿಷಕ್ಕ ಹಳದಿ ಸಿಪ್ಪಿ ಕಟ್ಟತದ.

ಹಚ್ಚೋ ಚೀಸಿಗೆ ಚಾಕು ಬ್ಯಾಡ. ಗಟ್ಟಿ ಪ್ಲಾಸ್ಟಿಕ್ ಚೀಲದಾಗ ತುಂಬಿ ಮೂಲಿ 8 ಮಿಲಿಮೀಟರ್ ಕತ್ತರಿಸಿ ಮೆಹಂದಿ ಕೋನಿನಂಗ ಒತ್ರಿ. ಒಂದೇ ಅಳತಿ ಬೀಳತದ, ಬಿಲ್ಲಿ ಮುರಿಯಂಗಿಲ್ಲ. ಕೈ ಶಾಖಕ್ಕ ಮೆತ್ತಗಾಗಿ ಹರದು ಹೋಗ್ತಿದ್ರ ಚೀಲ ಐಸ್ ತಾಟಿನ ಮ್ಯಾಲ 5 ನಿಮಿಷ ಇಡ್ರಿ, ಅಲ್ಲೀತನಕ ಎರಡನೇ ಚೀಲ ಹಿಡೀರಿ.

ಎರಡು ದಿನ ಮೊದಲ ಜೋಳದ ಬಿಲ್ಲಿ, ಅಗಸಿ ಹಿಂಡಿ. ಮುನ್ನಾದಿನ ಪುಂಡಿ ಚಟ್ನಿ, ಪನೀರ್, ರಾತ್ರಿ ಮೊಸರು ಫ್ರಿಜ್ಜಿನಾಗ ಸೋಸಾಕ. ಅವತ್ತು ಮುಂಜಾನೆ ಛೆನ್ನಾ, ಯಾಕಂದ್ರ ಅದು ಮೂರರಾಗ ಭಾಳ ಸೂಕ್ಷ್ಮ. 4ಕ್ಕ ಪನೀರ್ ಕೊಯ್ದು ಉಪ್ಪು ನೀರಿಗೆ, 5ಕ್ಕ ತಗದು ಒರಸಿ ಮತ್ತ ಫ್ರಿಜ್ಜಿಗೆ. ಬಿಸ್ಕತ್ತಿನ ಪ್ಯಾಕೆಟ್ 6:30ಕ್ಕ ಒಡೀರಿ, ಮೊದಲ ಅಲ್ಲ. ಮೆತ್ತಗ ಅನಿಸಿದ್ರ ದಪ್ಪ ಹಂಚಿನ ಮ್ಯಾಲ ಸಣ್ಣ ಉರಿಯಾಗ 4 ನಿಮಿಷ, ಆರಿದ ಮ್ಯಾಲ ಚೀಸ್. ಬಾಳಿಹಣ್ಣು ಕೊಯ್ಯೋದು 6:50ಕ್ಕ.

ಮೊದಲ ತಟ್ಟಿ ಪನೀರಿಂದು ಹೋಗಲಿ, ಅದು ಜಾಸ್ತಿ ತಡೀತದ, ಮಂದಿ ಒಬ್ಬೊಬ್ಬರು ಬರೋ ಹೊತ್ತು ಅದು. ಬಾಳಿಹಣ್ಣಿಂದು ಎಲ್ಲಾರೂ ಬಂದ ಮ್ಯಾಲ.

ಮಾಳಿಗಿಮನಿ, ಕಲಬುರಗಿ

ಕಡೀದೊಂದು. ನಾಕೂವರಿ ಲೀಟರ್ ಹಾಲಿನ ಒಡಕು ನೀರು ಉಳೀತದಲ್ಲ, ಚೆಲ್ಲಬೇಕೇನು? ಒಡದ ಬಿಲ್ಲಿ ಏನ ಮಾಡಲಿ?

ರಂಜಕ, ಯಾದಗಿರಿ

ಚೆಲ್ಲಬ್ಯಾಡ್ರಿ. ಛೆನ್ನಾದ ಒಡಕು ಎರಡು ದಿನ ಫ್ರಿಜ್ಜಿನಾಗ ಇರ್ತದ, ಪಾರ್ಟಿ ಮರುದಿನ ತೊಗರಿ ಬ್ಯಾಳಿ ಬೆಂದ ಮ್ಯಾಲ ಸಾರಿಗೆ ಹಾಕ್ರಿ, ಹುಂಚಿಹಣ್ಣು ಅರ್ಧ ಸಾಕು. ಬ್ಯಾಳಿ ಬೇಯೋಕ ಮೊದಲ ಹಾಕಿದ್ರ ಹುಳಿಗೆ ಬ್ಯಾಳಿ ಕರಗಂಗಿಲ್ಲ. ಒಡದ ಬಿಲ್ಲಿ ನೀರು ಚಿಮುಕಿಸಿ 5 ನಿಮಿಷ ಬಿಟ್ಟು ಉಳ್ಳಾಗಡ್ಡಿ, ಶೇಂಗಾ, ಹಸಿ ಮೆಣಸಿನಕಾಯಿ ಒಗ್ಗರಣಿ ಕೊಡ್ರಿ.

ಖಡಕ್, ಬೀದರ

ಮುಂದಿನ ಸಲ ಬಿಲ್ಲಿ ಹಿಟ್ಟು ನಾದಾಕ ಕುದಿನೀರಿನಾಗ ಅರ್ಧ ಈ ಒಡಕೇ ಹಾಕಿ ನೋಡ್ರಿ, ಉಪ್ಪು ಮಾತ್ರ ಅದೇ 2 ಗ್ರಾಂ. ತುಸು ಹುಳಿ ಬರ್ತದ, ಹಂಚಿನ ಮ್ಯಾಲ ಬಣ್ಣಾನೂ ಜಲ್ದಿ ತಿರಗತದ, ಹಂಗಾಗಿ ಉರಿ ಸಣ್ಣ ಇರಲಿ.